ಮಾಮಿಯ ಹದಿನಾಲ್ಕು ಹಾಡುಗಳು

ಹೋದ ಭಾನುವಾರ ಬೆಳಿಗ್ಗೆ ಮಗಳ ಚಾರ್ಟಿಗೆ ಅಂಟು ಸಾಲದೆ ಬಂತು. ಐದನೇ ಕ್ಲಾಸು ಅವಳು. ‘ನಮ್ಮ ಊರು’ ಅಂತ ಏನೋ ಪ್ರಾಜೆಕ್ಟು. ಮೂರು ಮಹಡಿ ಇಳಿದು ಅಂಗಡಿಗೆ ಹೋಗಲು ಸೋಮಾರಿತನವಾಗಿ, ಒಂದು ಹಿಡಿ ಮೈದಾ ಹಿಟ್ಟನ್ನು ನೀರಲ್ಲಿ ಕದಡಿ ಸಣ್ಣ ಉರಿಯ ಮೇಲಿಟ್ಟೆ. ಅದು ಗಟ್ಟಿಯಾಗಿ, ಗುಳ್ಳೆ ಒಡೆಯತೊಡಗಿದಾಗ ಆ ವಾಸನೆ ಎದ್ದಿತು... ಹಸಿ ಹಿಟ್ಟಿನದೂ ಅಲ್ಲ, ಬೆಂದದ್ದರದೂ ಅಲ್ಲ, ಎರಡರ ನಡುವಿನ ಒಂದು ಸಪ್ಪೆ ವಾಸನೆ. ಸೌಟು ಹಿಡಿದ ಕೈ ಹಾಗೇ ನಿಂತಿತು. ಹನ್ನೆರಡು ಹದಿಮೂರು ವರ್ಷದ ಹಿಂದೆ ಪ್ರತಿ ಭಾನುವಾರ ಈ ವಾಸನೆ ನನ್ನ ಬೆರಳಿಗೆ, ದುಪಟ್ಟಾದ ಅಂಚಿಗೆ ಅಂಟಿಕೊಂಡು ಮನೆಗೆ ಬರುತ್ತಿತ್ತು. ಮಾಮಿ ಕಾಯಿಸಿ ತರುತ್ತಿದ್ದ ಅಂಟಿನ ವಾಸನೆ ಅದು.

ಅವರನ್ನು ಎಲ್ಲರೂ ಮಾಮಿ ಎಂದೇ ಕರೆಯುತ್ತಿದ್ದರು. ಮಕ್ಕಳು, ಮಕ್ಕಳ ಅಪ್ಪ ಅಮ್ಮ, ಅಪಾರ್ಟ್‌ಮೆಂಟಿನ ವಾಚ್‌ಮನ್, ಎಲ್ಲರೂ. ಹೆಸರು ಹಿಡಿದು ಯಾರಾದರೂ ಕರೆದದ್ದು ನನಗೆ ನೆನಪಿಲ್ಲ. ಅವರ ಮುತ್ತಜ್ಜ ಯಾವ ಕಾಲದಲ್ಲೋ ಮಠದ ಕೆಲಸಕ್ಕೆಂದು ಮದರಾಸಿಗೆ ಬಂದು ಇಲ್ಲೇ ನಿಂತವರಂತೆ. ಮಾಮಿ ಹುಟ್ಟಿದ್ದು, ಓದಿದ್ದು, ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಮೂವತ್ತೈದು ವರ್ಷ ದುಡಿದದ್ದು ಎಲ್ಲ ಇಲ್ಲೇ. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅಣ್ಣಾ ನಗರ್‌ನಲ್ಲಿ ಒಂದು ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಕನ್ನಡದಲ್ಲಿ ಅರ್ಧ ತಮಿಳು. ನಾನು ಮಂಡ್ಯದವಳು. ಮೊದಲ ದಿನ ಅವರ ಮಾತು ಕೇಳಿ ಒಳಗೊಳಗೇ ನಕ್ಕಿದ್ದೆ. ಆಮೇಲೆ ಅವರು ಬೋರ್ಡಿನ ಮೇಲೆ ಬರೆದ ಅಕ್ಷರ ನೋಡಿ ನಗು ನಿಂತಿತು. ಅಷ್ಟು ದುಂಡಾದ, ತಿದ್ದಿ ತೀಡಿದ ಕನ್ನಡ ಅಕ್ಷರವನ್ನು ನಮ್ಮ ಊರಿನ ಮೇಷ್ಟರೂ ಬರೆಯುತ್ತಿರಲಿಲ್ಲ.

ನಮ್ಮ ಕಡೆಯ ಕನ್ನಡ ಸಂಘದವರು ಭಾನುವಾರ ಬೆಳಿಗ್ಗೆ ಒಂದು ಕನ್ನಡ ತರಗತಿ ನಡೆಸುತ್ತಿದ್ದರು. ಅಪಾರ್ಟ್‌ಮೆಂಟೊಂದರ ನೆಲಮಹಡಿ, ಕಾರು ನಿಲ್ಲಿಸುವ ಜಾಗದ ಪಕ್ಕದ ಹಾಲ್. ಮೈಸೂರು, ಹಾಸನ, ತುಮಕೂರಿನ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು ಹದಿನೈದಿಪ್ಪತ್ತು ಜನ. ಕನ್ನಡ ಕೇಳಿದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಲ್ಲೋ ಇಂಗ್ಲಿಷಲ್ಲೋ ಬರುತ್ತಿತ್ತು. ಕಲಿಸುವವರು ಮಾಮಿ. ಚಾರ್ಟ್ ಕತ್ತರಿಸಿ, ಮಕ್ಕಳನ್ನು ಸಾಲಾಗಿ ಕೂರಿಸಿ, ಹಾಳೆ ಜೆರಾಕ್ಸ್ ಮಾಡಿಸಿ ತರುವುದು ನನ್ನ ಕೆಲಸ. ಮದುವೆಯಾಗಿ ಆಗಷ್ಟೇ ಚೆನ್ನೈಗೆ ಬಂದಿದ್ದೆ. ವಾರವೆಲ್ಲ ಗಿಂಡಿಯ ಕಡೆ ಒಂದು ಆಫೀಸಿನಲ್ಲಿ, ಮಕ್ಕಳ ಪಾಠದ ಆ್ಯಪ್‌ಗೆ ಕನ್ನಡ ಪಠ್ಯ ತಿದ್ದುವ ಕೆಲಸ. ಭಾನುವಾರ ಈ ಹಾಲ್‌ಗೆ ಬಂದರೆ ಊರಿಗೆ ಹೋಗಿ ಬಂದ ಹಾಗಾಗುತ್ತಿತ್ತು.

ಮಾಮಿಗೆ ಒಂದು ಅಭ್ಯಾಸವಿತ್ತು. ಯಾವ ಮಗು ಏನೇ ತಂದರೂ, ಚಿತ್ರವಾಗಲಿ, ಕಥೆಯಾಗಲಿ, ಹಾಡಾಗಲಿ, ಮೊದಲು ಕೇಳುತ್ತಿದ್ದದ್ದು ಒಂದೇ: “ಇದು ಯಾರ್ದು ಕಣ್ಣಾ?”

ಒಂದು ಸಲ ಮೇಘನಾ ಎಂಬ ಹುಡುಗಿ, ಏಳನೇ ಕ್ಲಾಸಿನವಳು, ಚಾರ್ಟಿನ ನಡುವೆ ದೊಡ್ಡದೊಂದು ಫೋಟೋ ಅಂಟಿಸಿ ತಂದಳು. ದೋಣಿಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿ, ಹಿಂದೆ ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳು, ಹೊಗೆ. ನೋಡಿದರೆ ಕಣ್ಣು ಕೀಳಲಾಗದಂಥ ಫೋಟೋ.

“ಪಡಂ ಪ್ರಮಾದವಾಗಿದೆ. ಯಾರ್ದು?” ಎಂದರು ಮಾಮಿ. ಅವರ ತಮಿಳಿನಲ್ಲಿ ಪಡಂ ಎಂದರೆ ಚಿತ್ರ, ಪ್ರಮಾದ ಎಂದರೆ ಬಲು ಚೆನ್ನ.

“ನೆಟ್‌ಲೆ ಕೆಡೆಚ್ಚುದು ಮಾಮಿ,” ನೆಟ್‌ನಲ್ಲಿ ಸಿಕ್ಕಿತು ಎಂದಳು ಮೇಘನಾ.

“ನೆಟ್‌ಗೆ ಕೈ ಕಣ್ಣು ಇದೆಯಾ ಫೋಟೋ ತೆಗೆಯಕ್ಕೆ? ಯಾರೋ ಒಬ್ರು ಆ ಕೆಸರಲ್ಲಿ ನಿಂತಿರ್ಬೇಕಲ್ವಾ? ಅವ್ರು ಯಾರು?”

ಮೇಘನಾಗೆ ಗೊತ್ತಿರಲಿಲ್ಲ. ಫೋಟೋದ ಮೂಲೆಯಲ್ಲಿ ಸಣ್ಣಗೆ ಒಂದು ಹೆಸರಿತ್ತಂತೆ, ಚಾರ್ಟಿಗೆ ಸರಿಹೋಗಲೆಂದು ಅದನ್ನು ಕತ್ತರಿಸಿ ಬಿಸಾಡಿದ್ದಳು. ಬೇರೆಯವರಾಗಿದ್ದರೆ ಎರಡು ಮಾತು ಬುದ್ಧಿ ಹೇಳಿ ಮುಗಿಸುತ್ತಿದ್ದರು. ಮಾಮಿ ಆ ಹೆಸರನ್ನು ಮತ್ತೆ ಹುಡುಕಿಸಿದರು. ಮೇಘನಾಳ ಕೈಯಿಂದಲೇ ಅವನಿಗೆ ಪತ್ರ ಬರೆಸಿದರು. ಮೂರು ವಾರದ ಮೇಲೆ ಒಂದು ಭಾನುವಾರ ಆ ಮನುಷ್ಯ ಎರಡು ಬಸ್ಸು ಬದಲಾಯಿಸಿಕೊಂಡು ಹಾಲ್‌ಗೇ ಬಂದುಬಿಟ್ಟ. ಎಣ್ಣೂರಿನ ಮೀನುಗಾರರ ಮನೆಯವನು, ಮೂವತ್ತರ ಆಸುಪಾಸು, ಹಳೆಯ ಕ್ಯಾಮೆರಾ ಕೊರಳಲ್ಲಿ. ಕನ್ನಡದ ಬೋರ್ಡು ನೋಡಿ ಬಾಗಿಲಲ್ಲೇ ಹಿಂಜರಿದು ನಿಂತಿದ್ದ. ಮಾಮಿ ಅವನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಆ ಒಂದು ಫೋಟೋಗಾಗಿ ಹನ್ನೊಂದು ಬೆಳಿಗ್ಗೆ ದೋಣಿಯಲ್ಲಿ ಅಲುಗಾಡದೆ ಕೂತದ್ದನ್ನು ಅವನು ತಮಿಳಲ್ಲಿ ಹೇಳಿದ. ಅದೇ ಫೋಟೋ ಯಾರದೋ ಕ್ಯಾಲೆಂಡರಿನಲ್ಲಿ, ಒಂದು ಹೋಟೆಲಿನ ಗೋಡೆಯಲ್ಲಿ ಇದೆಯಂತೆ. ಅವರು ಯಾರೂ ಕೇಳಿರಲಿಲ್ಲ. “ಕೇಳಿದ್ದು ಈ ಪಾಪಾನೇ ಮೊದಲು,” ಎಂದು ಮೇಘನಾಳನ್ನು ತೋರಿಸಿದ. ಮೇಘನಾ ಅವನ ಎದುರಿಗೇ ಫೋಟೋದ ಕೆಳಗೆ ಅವನ ಹೆಸರು ಬರೆದಳು, ಕನ್ನಡದಲ್ಲಿ. ಅವನಿಗೆ ಅದನ್ನು ಓದಲು ಬರುವುದಿಲ್ಲ ಎಂದು ನೆನಪಾಗಿ ಪಕ್ಕದಲ್ಲಿ ತಮಿಳಲ್ಲೂ ಬರೆದಳು.

ಅವನು ಹೋದ ಮೇಲೆ ಮಾಮಿ ಮಕ್ಕಳಿಗೆ ಭಾಷಣವೇನೂ ಮಾಡಲಿಲ್ಲ. “ಪಾತ್ತೀರಾ, ನೋಡಿದ್ರಾ? ಪ್ರತಿ ಪಡದ ಹಿಂದೆ ಒಬ್ಬ ಆಳು ಇರ್ತಾನೆ,” ಎಂದು ಹೇಳಿ ಒತ್ತಕ್ಷರ ಶುರುಮಾಡಿದರು.

ಇನ್ನೊಂದು ಸಲ ಸಂಘದ ಕಾರ್ಯದರ್ಶಿಗಳು ಒಂದು ಮಗುವಿನ ಚಿತ್ರವನ್ನು ರಾಜ್ಯೋತ್ಸವದ ಆಮಂತ್ರಣಕ್ಕೆ ಹಾಕಲು ಎತ್ತಿಕೊಂಡು ಹೊರಟಿದ್ದರು. ಮಾಮಿ ಬಾಗಿಲಿಗೆ ಅಡ್ಡ ನಿಂತು, “ಬರೆದೋಳನ್ನ ಕೇಳಿದ್ರಾ ಸಾರ್?” ಎಂದರು. ಬರೆದವಳಿಗೆ ಆರು ವರ್ಷ. ಕಾರ್ಯದರ್ಶಿಗಳು ನಗುತ್ತಲೇ ಮೊಣಕಾಲೂರಿ ಅವಳನ್ನು ಕೇಳಬೇಕಾಯಿತು. ಅವಳು ತುಂಬ ಹೊತ್ತು ಯೋಚಿಸಿ, ಆನೆಗೆ ಬಣ್ಣ ಹಾಕುವುದು ಇನ್ನೂ ಬಾಕಿ ಇದೆ, ಆಮೇಲೆ ಕೊಡುತ್ತೇನೆ ಎಂದಳು. ಆಮಂತ್ರಣ ಒಂದು ವಾರ ತಡವಾಗಿ ಅಚ್ಚಾಯಿತು.

ಇಂಥವರ ಜೊತೆ ಎರಡು ವರ್ಷ ಕೂತು ಎದ್ದವಳು ನಾನು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮಾಮಿ ಮಕ್ಕಳಿಗಾಗಿ ಹಾಡು ಬರೆಯುತ್ತಿದ್ದರು. ಪುಸ್ತಕದಲ್ಲಿದ್ದ ಹಾಡುಗಳ ಕೊಟ್ಟಿಗೆ, ಕಣ, ತೊರೆ ಈ ಮಕ್ಕಳ ಕಣ್ಣಿಗೆ ಬಿದ್ದದ್ದೇ ಅಲ್ಲ. ಅದಕ್ಕೆ ಮಾಮಿ ಎಲೆಕ್ಟ್ರಿಕ್ ಟ್ರೈನಿನ ಮೇಲೆ ಬರೆದರು. ಬೀಚಿನಲ್ಲಿ ಸುಂಡಲ್ ಎಂಬ ಕಡಲೆ ಉಸಲಿ ಮಾರುವವನ ಮೇಲೆ, ಪಲ್ಲಾವರಂ ಸಂತೆಯಲ್ಲಿ ಮಾರಾಟಕ್ಕಿಟ್ಟ ಹಳೇ ಗಡಿಯಾರಗಳ ಮೇಲೆ, ಏಸಿಯಿಂದ ತೊಟ್ಟಿಕ್ಕುವ ನೀರು ಕುಡಿಯುವ ಕಾಗೆಯ ಮೇಲೆ ಬರೆದರು. ಹಾಗೆ ಒಟ್ಟು ಹದಿನಾಲ್ಕು. ಎಲ್ಲ ಒಂದು ಉದ್ದನೆಯ ನೋಟ್ ಪುಸ್ತಕದಲ್ಲಿ, ನೀಲಿ ಶಾಯಿಯಲ್ಲಿ. ಒಂದೊಂದರ ಕೆಳಗೂ ತಾರೀಖು, ಮತ್ತೆ ಯಾವ ಮಗು ಕೇಳಿದ್ದಕ್ಕೆ ಬರೆದದ್ದು ಎಂಬ ಒಂದು ಸಾಲು. ತಾವು ಬರೆದದ್ದು ಎಂದು ಎಲ್ಲೂ ಹೇಳಿಕೊಳ್ಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ... ಆ ಹಾಲ್‌ನಲ್ಲಿ ಅದು ಯಾರಿಗೆ ಗೊತ್ತಿರಲಿಲ್ಲ?

ಆ ಹಾಡುಗಳ ಒಂದು ಸಾಲನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಒಂದು ದಿನ ನಾನೇ ಕೇಳಿದೆ. “ಮಾಮಿ, ನೋಟ್ ಪುಸ್ತಕ ಕೊಡಿ, ಟೈಪ್ ಮಾಡಿ ಇಡ್ತೀನಿ. ಹಾಳಾದ್ರೆ ಕಷ್ಟ.” ಅವರು ಒಂದು ಕ್ಷಣವೂ ಯೋಚಿಸದೆ ಕೊಟ್ಟರು. ಮೋಸ ಮಾಡುವ ಉದ್ದೇಶದಿಂದ ಕೇಳಿದ್ದಲ್ಲ, ಅದು ನಿಜ. ಪುಸ್ತಕ ನನ್ನ ಆಫೀಸಿನ ಡ್ರಾಯರಿನಲ್ಲಿ ಟೈಪಾಗದೆ ಹಾಗೇ ಇತ್ತು.

ಆ ತಿಂಗಳೇ ಆಫೀಸಿನಲ್ಲಿ ಕನ್ನಡದ ಶಿಶುಗೀತೆ ಬೇಕೆಂದರು. ಬರೆದು ಕೊಡಬೇಕಾದವರು ಕೈಕೊಟ್ಟಿದ್ದರು. ಕಾರ್ಟೂನು ಮಾಡುವವರು, ಹಾಡುವವರು ಕಾದು ಕೂತಿದ್ದರು. ನನಗೆ ಕೆಲಸ ಕಾಯಂ ಆಗುವ ಸಮಯ ಅದು. ಡ್ರಾಯರಿನಿಂದ ಪುಸ್ತಕ ತೆಗೆದು, ಎರಡೇ ಎರಡು ಹಾಡು ಟೈಪ್ ಮಾಡಿ ತೋರಿಸಿದೆ. ನಮ್ಮ ಮ್ಯಾನೇಜರ್ ಕುಣಿದಾಡಿಬಿಟ್ಟರು. ಇನ್ನೂ ಇದೆಯಾ ಎಂದರು. ಇದೆ ಎಂದೆ. ಯಾರು ಬರೆದದ್ದು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಸಂಜೆ ಹೇಳೋಣ, ನಾಳೆ ಹೇಳೋಣ, ಮಾಮಿಯ ಹೆಸರು ಹಾಕಿಸಿ ಅವರಿಗೆ ಒಮ್ಮೆಲೇ ತೋರಿಸೋಣ... ಹೀಗೆ ನನಗೆ ನಾನೇ ಹೇಳಿಕೊಂಡೆ. ವಾರದ ಕೊನೆಯಲ್ಲಿ ಒಂದು ಕಾಗದ ಬಂತು. ಈ ಹದಿನಾಲ್ಕು ಗೀತೆಗಳು ನನ್ನ ಸ್ವಂತ ರಚನೆ, ಇವುಗಳ ಸಕಲ ಹಕ್ಕನ್ನೂ ಸಂಸ್ಥೆಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಪೆನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ಕೂತೆ. ಮ್ಯಾನೇಜರ್ ಗಡಿಯಾರ ನೋಡಿದರು. ಸಹಿ ಹಾಕಿದೆ.

ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು. ಕೆಲಸ ಕಾಯಂ ಆಯಿತು. ಆ ಭಾನುವಾರ ತಲೆನೋವು ಎಂದು ತರಗತಿಗೆ ಹೋಗಲಿಲ್ಲ.

ಹಾಡುಗಳು ಹೊರಗೆ ಬಂದು ಮೂರು ತಿಂಗಳಾಗಿರಬಹುದು. ಕಾರ್ಟೂನಿನಲ್ಲಿ ಮಾಮಿಯ ಕಾಗೆ ದಪ್ಪ ಕೊಕ್ಕಿನ, ಬಿಳಿ ಹಲ್ಲಿನ ಕಾಗೆಯಾಗಿತ್ತು. ಕೊನೆಯಲ್ಲಿ ಸಂಸ್ಥೆಯ ಗುರುತು ಮಾತ್ರ. ಬರೆದವರ ಹೆಸರೇ ಇರಲಿಲ್ಲ, ನನ್ನದು ಕೂಡ. ಒಂದು ಬೆಳಿಗ್ಗೆ ಮೇಘನಾ ಅಮ್ಮನ ಫೋನು ಹಿಡಿದು ಓಡಿ ಬಂದಳು. “ಮಾಮಿ, ಪಾರುಂಗೊ, ನಮ್ಮ ಪಾಟ್ಟು!” ನೋಡಿ, ನಮ್ಮ ಹಾಡು ಎಂದಳು.

ಮಕ್ಕಳೆಲ್ಲ ಫೋನಿನ ಸುತ್ತ ಮುತ್ತಿಕೊಂಡು ಜೊತೆಗೇ ಹಾಡಿದರು. ಮಾಮಿ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಏನೋ ಕಳೆದುಹೋದ ಸಾಮಾನು ಬೇರೆ ಯಾರದೋ ಮನೆಯಲ್ಲಿ ಕಂಡವರ ಹಾಗೆ, ಇದು ನನ್ನದೇ ಹೌದೋ ಅಲ್ಲವೋ ಎಂಬಂತೆ ನೋಡಿದರು. “ಯಾರೋ ಕೇಳ್ಕೊಂಡು ಹೋಗಿರ್ಬೇಕು. ಮಕ್ಕಳು ಅಲ್ಲಿ ಇಲ್ಲಿ ಹಾಡ್ತಾವಲ್ಲ,” ಎಂದರು. ನಾನು ಗೋಡೆಯ ಕಡೆ ತಿರುಗಿ ಚಾರ್ಟಿಗೆ ಅಂಟು ಹಚ್ಚುತ್ತಿದ್ದೆ.

ಅಲ್ಲಿಗೇ ನಿಂತಿದ್ದರೆ ನಾನು ಹೇಗೋ ಬಚಾವಾಗಿಬಿಡುತ್ತಿದ್ದೆನೇನೋ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಮಕ್ಕಳು ಅದೇ ಹಾಡುಗಳನ್ನು ಹಾಡಿದರು. ಸಂಘದವರು ಅದನ್ನು ಇಂಟರ್‌ನೆಟ್ಟಿಗೆ ಹಾಕಿದರು. ನಾಲ್ಕು ದಿನಕ್ಕೆ ವಿಡಿಯೋ ಮಾಯ. ಬದಲಿಗೆ, ಈ ಹಾಡುಗಳು ಇಂಥ ಸಂಸ್ಥೆಯ ಸ್ವತ್ತು, ಅನುಮತಿಯಿಲ್ಲದೆ ಬಳಸಿದ್ದೀರಿ ಎಂಬ ಸೂಚನೆ. ಅದಾದ ಮೇಲೆ ಸಂಸ್ಥೆಯಿಂದ ಸಂಘಕ್ಕೇ ಒಂದು ಪತ್ರ ಬಂತು. ಆ ಪತ್ರ ಕಳಿಸಿದ ವಿಭಾಗ ನಾನು ಕೂರುತ್ತಿದ್ದ ಜಾಗದಿಂದ ಎರಡು ಗಾಜಿನ ಬಾಗಿಲಾಚೆ ಇತ್ತು.

ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯ, ಆದರೆ ಕಾನೂನು ಎಂದರೆ ಬೆವರುತ್ತಿದ್ದರು. ಮುಂದಿನ ಭಾನುವಾರ ಪತ್ರ ಹಿಡಿದು ಹಾಲ್‌ಗೆ ಬಂದರು. ಮಕ್ಕಳು ಆಗಲೇ ಕೂತಿದ್ದವು.

“ಮಾಮಿ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಬೇರೆಯವ್ರ ಹಾಡು ಹೇಳಿಕೊಡ್ಬೇಡಿ. ಗೋಡೆ ಮೇಲೆ ಅಂಟಿಸಿರೋದನ್ನೂ ತೆಗೆದುಬಿಡಿ.”

“ಬೇರೆಯವ್ರದ್ದಾ? ಇದೆಲ್ಲಾ ನಾನು ಬರೆದದ್ದು ಸಾರ್.”

“ನಂಗೆ ಗೊತ್ತು ಮಾಮಿ. ಅವ್ರಿಗೆ ಹೆಂಗೆ ಹೇಳೋದು? ಏನಾದ್ರೂ ರುಜುವಾತು ಇದೆಯಾ, ಬರೆದಿಟ್ಟಿದ್ದು, ತಾರೀಖು ಇರೋದು?”

ಮಾಮಿಯ ಮುಖ ಅರಳಿತು. “ಇದೆಯಲ್ಲ! ಕೊಂಚ ಇರಿ.” ನನ್ನ ಕಡೆ ತಿರುಗಿದರು. “ಕಣ್ಣಾ, ಆ ನೋಟ್ ಪುಸ್ತಕ ನಿನ್ ಹತ್ರ ಇದೆಯಲ್ವಾ? ನಾಳೆ ತಂದ್ಕೊಡು ಸಾರ್‌ಗೆ.”

ಪುಸ್ತಕ ಆಗಲೂ ನನ್ನ ಡ್ರಾಯರಿನಲ್ಲೇ ಇತ್ತು. ಅದನ್ನು ತಂದುಕೊಟ್ಟರೆ ಅವರು ಸಂಸ್ಥೆಗೆ ಕಳಿಸುತ್ತಾರೆ. ಸಂಸ್ಥೆಯವರು ನನ್ನ ಸಹಿಯ ಕಾಗದ ತೆಗೆಯುತ್ತಾರೆ. ನಾನು ಇದನ್ನೆಲ್ಲ ಯೋಚಿಸಿದೆ ಎನ್ನುವುದೂ ಸುಳ್ಳು. ಬಾಯಿ ತಾನಾಗಿ ಹೇಳಿತು.

“ಆಫೀಸು ಮೇಲಿನ ಫ್ಲೋರಿಗೆ ಶಿಫ್ಟ್ ಆಯ್ತಲ್ಲ ಮಾಮಿ... ಆಗ ಎಲ್ಲೋ ಹೋಯ್ತು. ತುಂಬಾ ಹುಡುಕ್ದೆ. ನಿಮಗೆ ಹೇಳೋಕೆ ಧೈರ್ಯ ಸಾಲಲಿಲ್ಲ.”

ಮಾಮಿ ನನ್ನನ್ನು ನೋಡಿದರು. ನಾನು ಎಲ್ಲಿ ಕೆಲಸ ಮಾಡುತ್ತೇನೆ, ಏನು ಕೆಲಸ ಮಾಡುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಪತ್ರದ ಮೇಲಿದ್ದ ಸಂಸ್ಥೆಯ ಹೆಸರನ್ನು ಅವರು ಓದಿದರೋ ಇಲ್ಲವೋ... ಓದಿರಬೇಕು, ಟೈಪಿಸ್ಟ್ ಆಗಿದ್ದವರ ಕಣ್ಣು ಅದು. ಆಮೇಲೆ, “ಸರಿ. ಹೋದ್ರೆ ಹೋಗ್ಲಿ,” ಎಂದರು.

ಮಾಮಿ ನನ್ನ ಹೆಸರು ಹೇಳಿಬಿಡಬಹುದಿತ್ತು. ಅಲ್ಲೇ, ಎಲ್ಲರೆದುರಿಗೆ. ಹೇಳಲಿಲ್ಲ.

ಗೋಡೆಯ ಮೇಲೆ ದೊಡ್ಡ ಹಾಳೆಗಳಲ್ಲಿ ಬರೆದು ಅಂಟಿಸಿದ್ದ ಹಾಡುಗಳನ್ನು ಅವರೇ ಸ್ಟೂಲು ಹತ್ತಿ ಒಂದೊಂದಾಗಿ ತೆಗೆದರು. ತಾವೇ ಕಾಯಿಸಿದ ಅಂಟು, ಗಟ್ಟಿಯಾಗಿ ಹಿಡಿದಿತ್ತು. ಹಾಳೆಯ ಜೊತೆ ಸುಣ್ಣವೂ ಕಿತ್ತು ಬಂತು. ನಾನು ಸ್ಟೂಲು ಹಿಡಿದುಕೊಳ್ಳಲು ಹೋದೆ. ಬೇಡವೆಂದು ಕೈ ಮಾಡಿದರು. ಮಕ್ಕಳು ನೋಡುತ್ತಿದ್ದವು. ಮೇಘನಾ ಒಬ್ಬಳೇ ಎದ್ದು ನಿಂತು ಜೋರಾಗಿ ಕೇಳಿದಳು: “ಮಾಮಿ, ಅದು ನಿಮ್ದು ತಾನೆ? ನಿಮ್ದನ್ನ ನೀವೇ ಯಾಕೆ ತೆಗೀಬೇಕು?”

ಬೇರೆಯವರದನ್ನು ಕೇಳದೆ ಬಳಸಬಾರದು ಎಂದು ಎರಡು ವರ್ಷ ಆ ಮಕ್ಕಳಿಗೆ ಕಲಿಸಿದವರು ಮಾಮಿ. ಹಾಳೆಗಳನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, “ಕುತ್ಕೋಮ್ಮಾ, ಇವತ್ತು ಕಾಗುಣಿತ ಮಾಡೋಣ,” ಎಂದರು.

ಆಮೇಲೆ ಅವರು ನನ್ನನ್ನು ಕಣ್ಣಾ ಎಂದು ಕರೆಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮಂಡಿನೋವು ಎಂದು ತರಗತಿ ಬಿಟ್ಟರು. ಪಲ್ಲಾವರಂನಲ್ಲಿದ್ದ ತಮ್ಮನ ಮನೆಗೆ ಹೋಗಿಬಿಟ್ಟರು. ಒಂದೆರಡು ತಿಂಗಳು ಬೇರೆ ಯಾರೋ ಕಲಿಸಿದರು. ಮಕ್ಕಳ ಸಂಖ್ಯೆ ಕರಗಿತು. ಮೇಘನಾಳ ಅಪ್ಪನಿಗೆ ಪುಣೆಗೆ ವರ್ಗವಾಯಿತು. ಹಾಲ್‌ನಲ್ಲಿ ಈಗ ಯೋಗ ತರಗತಿ ನಡೆಯುತ್ತದೆ.

ಒಂದು ಸಲ ಮಾತ್ರ ಪಲ್ಲಾವರಂಗೆ ಹೋಗಿದ್ದೆ. ಶುಕ್ರವಾರ, ಸಂತೆಯ ದಿನ. ಬ್ಯಾಗಿನಲ್ಲಿ ನೋಟ್ ಪುಸ್ತಕ ಇತ್ತು. ಎಲ್ಲ ಹೇಳಿ ಅವರ ಕಾಲು ಹಿಡಿಯುವುದು ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಬಾಗಿಲು ತೆಗೆದವರು ಮಾಮಿಯೇ. ಇಳಿದುಹೋಗಿದ್ದರು.

“ಬನ್ನಿ. ಕೂತ್ಕೊಳ್ಳಿ,” ಎಂದರು.

ಎರಡು ವರ್ಷ ‘ನೀನು’ ಎಂದವರು ಅವರು. ಆ ‘ಬನ್ನಿ’ ಕೇಳಿದ್ದೇ ನನ್ನ ಕಾಲು ಹೊಸಿಲ ಮೇಲೇ ತಡೆಯಿತು. ಒಳಗೆ ಹೋಗಿ ಕಾಫಿ ತಂದುಕೊಟ್ಟರು, ಬಿಸಿಯಾಗಿ, ನನಗೆ ಬೇಕಾದಷ್ಟೇ ಸಕ್ಕರೆ ಹಾಕಿ. ಯಜಮಾನರು ಚೆನ್ನಾಗಿದ್ದಾರಾ ಎಂದು ಕೇಳಿದರು. ಆಫೀಸು ಹೇಗಿದೆ ಎಂದರು. “ಹೊಸದಾಗಿ ಏನಾದ್ರೂ ಬರೀತಿದ್ದೀರಾ?” ಎಂದರು. ಚುಚ್ಚಬೇಕೆಂದು ಕೇಳಿದರೋ, ಸುಮ್ಮನೆ ಕೇಳಿದರೋ, ಇಂದಿಗೂ ನನಗೆ ಗೊತ್ತಿಲ್ಲ. ಇಲ್ಲ ಎಂದೆ. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡೇ ಕೂತಿದ್ದೆ. ಅವರು ಒಂದು ಸಲ ಬ್ಯಾಗನ್ನೂ ನೋಡಿದರು, ಗೋಡೆಯನ್ನೂ ನೋಡಿದರು. ಅರ್ಧ ಗಂಟೆಯ ನಂತರ ಎದ್ದು ಬಂದೆ. ಪುಸ್ತಕವೂ ನನ್ನ ಜೊತೆಗೇ ವಾಪಸು ಬಂತು.

ಹಾಗೇ ವರ್ಷಗಳು ಕಳೆದವು. ಮಗಳು ಹುಟ್ಟಿದಳು. ಅವಳಿಗೆ ಆರು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಸಂಘದ ಗುಂಪಿನಲ್ಲಿ ಮೆಸೇಜ್ ಬಂತು. ಮಾಮಿಯ ಹಳೆಯ ಫೋಟೋ, ಕೆಳಗೆ ಒಂದೇ ಸಾಲು. ಅದರ ಕೆಳಗೆ ಕೈಮುಗಿದ ಚಿತ್ರಗಳು, ಸಾಲಾಗಿ. ನಾನೂ ಒಂದು ಹಾಕಬೇಕಿತ್ತು. ಬೆರಳು ಏಳಲಿಲ್ಲ.

ಆ ವಾರ ಸಂಸ್ಥೆಗೆ ಬರೆದುಕೊಟ್ಟೆ: ಈ ಹದಿನಾಲ್ಕು ಹಾಡು ನನ್ನವಲ್ಲ, ಇಂಥವರದು, ನಾನು ಸುಳ್ಳು ಸಹಿ ಹಾಕಿದ್ದೇನೆ, ಅವರ ಹೆಸರು ಸೇರಿಸಿ. ಬದುಕಿದ್ದವರ ಮುಂದೆ ಇಲ್ಲದ ಧೈರ್ಯ, ಸತ್ತವರ ವಿಷಯದಲ್ಲಿ ಹೇಗೋ ಬಂತು. ಕೆಲಸ ಹೋಯಿತು. ಅದು ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅವರು ಹೆಸರು ಸೇರಿಸಲಿಲ್ಲ. ತಂಟೆ ಬೇಡವೆಂದು ಹದಿನಾಲ್ಕನ್ನೂ ಅಳಿಸಿಹಾಕಿದರು. ಬಿಳಿ ಹಲ್ಲಿನ ಆ ಕಾಗೆ ಈಗ ಎಲ್ಲೂ ಇಲ್ಲ. ಸಾವಿರಾರು ಮಕ್ಕಳು, ಯಾರದೆಂದು ತಿಳಿಯದೆಯಾದರೂ, ಹಾಡಿಕೊಳ್ಳುತ್ತಿದ್ದ ಹಾಡುಗಳು... ನನ್ನ ತಪ್ಪೊಪ್ಪಿಗೆಯಿಂದ ಅವೂ ಹೋದವು.

ಉಳಿದದ್ದು ನೋಟ್ ಪುಸ್ತಕ ಒಂದು. ಅದನ್ನು ಒಯ್ದುಕೊಡಲು ನನಗೆ ಮತ್ತೂ ಮೂರು ವರ್ಷ ಬೇಕಾಯಿತು. ಈ ಸಲ ಸಂಘದ ಹೊಸ ಕಮಿಟಿಯವರನ್ನು ಮೊದಲೇ ಮಾತಾಡಿಸಿದ್ದೆ. ಮಾಮಿಯ ಹೆಸರಿನಲ್ಲಿ ಒಂದು ಪುಟ್ಟ ಪುಸ್ತಕ ತರೋಣ, ಮನೆಯವರು ಒಪ್ಪಿದರೆ ಎಂದಿದ್ದರು.

ಮಾಮಿಯ ತಮ್ಮನಿಗೆ ಎಪ್ಪತ್ತು ದಾಟಿದೆ. ಜಗುಲಿಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದೆ, ಸಹಿಯಿಂದ ಹಿಡಿದು ಬ್ಯಾಗನ್ನು ಅವುಚಿಕೊಂಡು ಕೂತದ್ದರವರೆಗೂ, ಒಂದನ್ನೂ ಬಿಡದೆ. ಅವರು ಬೈಯಲಿಲ್ಲ. ಪುಸ್ತಕವನ್ನು ತೆಗೆದುಕೊಂಡು ಹಾಳೆ ತಿರುವಿದರು, ಮತ್ತೆ ನನ್ನ ಕೈಗೆ ಕೊಟ್ಟರು.

“ನಂಗೆ ಕನ್ನಡ ಓದಕ್ಕೆ ಬರಲ್ಲಮ್ಮಾ. ನಾವೆಲ್ಲಾ ತಮಿಳಲ್ಲಿ ಓದಿದೋರು. ಮನೇಲಿ ಅಕ್ಕ ಒಬ್ಬಳೇ ಅಮ್ಮನ ಹತ್ರ ಕೂತು ಕಲ್ತಳು. ನೀವೇ ಓದಿ.”

ಓದಿದೆ. ಹದಿನಾಲ್ಕನ್ನೂ ಓದಿದೆ, ಕೆಳಗಿನ ತಾರೀಖು, ಮಗುವಿನ ಹೆಸರು ಸಮೇತ. ಸಂತೆಯ ಗಡಿಯಾರದ ಹಾಡಿಗೆ ಅವರು ಒಮ್ಮೆ ನಕ್ಕರು. ಮುಗಿದ ಮೇಲೆ ಕೇಳಿದರು: “ಎಲ್ಲಾ ಅಕ್ಕಂದೇನಾ?”

“ಎಲ್ಲಾ ಅವ್ರದ್ದೇ.”

ನಾನು ಪುಸ್ತಕ ಅಚ್ಚು ಹಾಕಿಸುವ ಮಾತು ಎತ್ತಿದೆ. ಅವರು ತಲೆಯಾಡಿಸಿದರು, ಬೇಡವೆಂದು.

“ಅಕ್ಕ ಇಲ್ಲಿಗೆ ಬಂದ್ ಮೇಲೆ ನಮ್ಮ ಮೊಮ್ಮಗಳು ಒಂದಿನ ಕೇಳಿದ್ಲಮ್ಮಾ, ಅತ್ತೆಯಜ್ಜಿ, ಒಂದು ಕನ್ನಡ ಪಾಟ್ಟು ಹೇಳಿಕೊಡು ಅಂತ. ‘ನಂಗೆ ಯಾವ್ದೂ ತೆರಿಯಾದು ಕಣ್ಣಾ’ ಅಂದ್ಬಿಟ್ಲು. ಒಂದೂ ಗೊತ್ತಿಲ್ಲಾಂತ. ನಾನು ಪಕ್ಕದಲ್ಲೇ ಇದ್ದೆ. ಇಷ್ಟು ಬರೆದಿದ್ಲು ಅಂತ ನಂಗೆ ಇವತ್ತು ಗೊತ್ತಾಗ್ತಿದೆ.” ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. “ಅವಳೇ ಬಾಯಿ ಮುಚ್ಕೊಂಡು ಹೋದ್ಲು. ಈಗ ನಾನು ಹೇಗಮ್ಮಾ ಸರಿ ಅನ್ನಲಿ? ವೇಂಡಾಂ. ಅಚ್ಚು ಹಾಕ್ಬೇಡಿ, ಎಲ್ಲೂ ಹಾಡಿಸ್ಬೇಡಿ. ಅವಳು ಇದ್ದಾಗ ಬಂದು ಕೇಳಿರ್ಬೇಕಿತ್ತು.”

ನಾನು ಎದುರಾಡಲಿಲ್ಲ. ಅದನ್ನು ಹೇಳುವ ಹಕ್ಕು ಈಗ ಅವರದೇ. ನೋಟ್ ಪುಸ್ತಕವನ್ನು ಅವರ ಕೈಯಲ್ಲಿಟ್ಟು, ನಮಸ್ಕಾರ ಮಾಡಿ ಬಂದೆ. ಒಂದು ಫೋಟೋ ಕೂಡ ತೆಗೆದುಕೊಳ್ಳಲಿಲ್ಲ. ಈಗ ಅದು ಆ ಮನೆಯ ಯಾವುದೋ ಬೀರುವಿನಲ್ಲಿ ಇರಬೇಕು. ಅಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇಲ್ಲ.

ಭಾನುವಾರ ಮಗಳು ಚಾರ್ಟಿನ ಮುಂದೆ ಕೂತು, ನಾನು ಯಾಕೆ ಸ್ಟವ್ ಮುಂದೆ ಹಾಗೆ ನಿಂತಿದ್ದೆ ಎಂದು ಕೇಳಿದಳು. ಹೇಳಿದೆ. ಇಷ್ಟೂ ಹೇಳಿದೆ. ಅವಳಿಗೆ ಹತ್ತು ವರ್ಷ. ಅಮ್ಮ ಕದ್ದಿದ್ದಾಳೆ ಎಂದು ಕೇಳಿ ತುಸು ಹೊತ್ತು ನನ್ನ ಕಡೆ ನೋಡಲಿಲ್ಲ. ಆಮೇಲೆ, ಮಕ್ಕಳು ಮಕ್ಕಳೇ ಅಲ್ಲವೇ, ಹತ್ತಿರ ಸರಿದು ಬಂದಳು.

“ಅಮ್ಮಾ, ಆ ಕಾಕಾ ಪಾಟ್ಟು ನಿಂಗೆ ಇನ್ನೂ ಞಾಪಕ ಇದೆಯಾ?”

“ಇದೆ.”

“ಒಂದೇ ಒಂದ್ ಸಲ ಹಾಡು, ಪ್ಲೀಸ್. ಮನೇಲಿ ನಾವಿಬ್ರೇ ತಾನೆ? ಯಾರ್ಗೆ ತೆರಿಯುಂ?”

ಕಾಗೆಯದು ಮಾತ್ರವಲ್ಲ, ಹದಿನಾಲ್ಕೂ ನನಗೆ ಬಾಯಿಪಾಠ. ಮರೆತುಹೋಗಿದೆ ಎಂದುಬಿಡುವುದು ಸುಲಭವಿತ್ತು, ನಾಲಗೆಯ ತುದಿಗೂ ಬಂದಿತ್ತು.

“ಬರುತ್ತೆ ಪುಟ್ಟಾ,” ಎಂದೆ. “ಆದ್ರೆ ನಾನು ಹಾಡಲ್ಲ.”

ಅವಳು ಮುಖ ಊದಿಸಿಕೊಂಡು ಕತ್ತರಿ ಎತ್ತಿಕೊಂಡಳು. ಕಿಟಕಿಯಾಚೆ ಯಾರದೋ ಏಸಿ ಸದ್ದು ಮಾಡುತ್ತಿತ್ತು. ಈ ಊರಿನ ಮಕ್ಕಳಿಗೆಂದು ಈ ಊರಿನ ಮೇಲೆ ಕನ್ನಡದಲ್ಲಿ ಕಟ್ಟಿದ ಹಾಡುಗಳು. ಹದಿನಾಲ್ಕೂ ಪೂರ್ತಿಯಾಗಿ ಬರುವುದು ಈಗ ಬಹುಶಃ ನನಗೊಬ್ಬಳಿಗೇ, ನನ್ನ ಜೊತೆಗೇ ಮುಗಿಯುತ್ತವೆ.